ಸೊಸೆ ಮಾಡಿದ ಪಟ್ಟಿ

ಕುಂದುಜ್ ಏನು ಕೆಲಸ ಮಾಡುತ್ತಾಳೆಂದು ಬೀದಿಯಲ್ಲಿ ಯಾರಾದರೂ ಕೇಳಿದರೆ ಅವಳ ಅತ್ತೆ ತತ್ತೂಬೂಬು ಎದೆಯುಬ್ಬಿಸಿ, "ನಮ್ಮ ಹುಡುಗಿ ಪಟ್ಟಿ ಮಾಡ್ತಾಳೆ" ಎನ್ನುತ್ತಿದ್ದಳು. ಮದುವೆ ಮನೆಯ ಸಾಮಾನಿನ ಪಟ್ಟಿಯೋ, ಸಾವಿನ ಮನೆಗೆ ಯಾರು ಕುರಿ ತಂದರು ಯಾರು ತರಲಿಲ್ಲ ಎಂಬ ಪಟ್ಟಿಯೋ ಇರಬೇಕೆಂದುಕೊಂಡು ಕೇಳಿದವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಮುದುಕಿ ಹೇಳಿದ್ದು ಸುಳ್ಳೇನಲ್ಲ. ನಮ್ಮ ರಾಜಧಾನಿ ಬಿಷ್ಕೆಕಿನ ಒಂದು ಆಫೀಸಿನಲ್ಲಿ ಕೂತು ಕುಂದುಜ್ ಫೋನಿನ ಪರದೆಯ ಮೇಲೆ ಬರುವ ಪಟ್ಟಿಗಳನ್ನು ರೂಪಿಸುತ್ತಿದ್ದಳು. ಬಣ್ಣ ಬೇರೆಯವರದು, ಚಿತ್ರ ಬೇರೆಯವರದು. ವೈದ್ಯರ ಹೆಸರು, ದಿನ, ಹೊತ್ತು ಒಂದರ ಕೆಳಗೊಂದು ಸಾಲಾಗಿ ನಿಲ್ಲುವುದು ಹೇಗೆ, ನಡುಗುವ ಬೆರಳಿಗೂ ಸಿಗುವುದು ಹೇಗೆ, ಕಣ್ಣಿಲ್ಲದವರ ಕಿವಿಗೆ ಸರಿಯಾಗಿ ಬೀಳುವುದು ಹೇಗೆ ಎಂಬುದಷ್ಟೇ ಅವಳದು. ಇಷ್ಟಕ್ಕೆಲ್ಲ ಒಬ್ಬಳನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆಯೇ ಎಂದು ಮೂಗು ಮುರಿಯುವವರು ಒಂದು ಸಲ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಫೋನಿನಲ್ಲಿ ಆಸ್ಪತ್ರೆಯ ಸರದಿ ಹಿಡಿದು ನೋಡಲಿ.

ಈ ವಿದ್ಯೆಯ ಬೇರು ಇದ್ದದ್ದು ನಾರಿನ್ ಊರಿನ ಬಸ್ ನಿಲ್ದಾಣದಲ್ಲಿ. ಹರೆಯದಲ್ಲಿ ಅವಳು ಅಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವ ಕೆಲಸದಲ್ಲಿದ್ದಳು. ಮೊದಲು ಬಸ್ಸಿನ ನಂಬರು, ಆಮೇಲೆ ನಿಲ್ಲುವ ಜಾಗ, ಆಮೇಲೆ ಹೊರಡುವ ಹೊತ್ತು, ಕಟ್ಟಕಡೆಗೆ ಊರು ಎಂದು ಮೇಲಿನವರು ಬರೆದು ಕೊಟ್ಟಿದ್ದರು. ತಮ್ಮ ಊರಿನ ಹೆಸರು ಬಿದ್ದ ಮೇಲಷ್ಟೇ ಜನ ಕಿವಿ ನಿಮಿರಿಸುವುದು. ಅಷ್ಟರಲ್ಲಿ ನಂಬರು ಗಾಳಿಗೆ ಹೋಗಿರುತ್ತಿತ್ತು. ಹಿಮದಲ್ಲಿ ಗಂಟುಮೂಟೆ ಹೊತ್ತ ಮುದುಕರು ಕಿಟಕಿಗೆ ಬಂದು, "ಮಗಳೇ, ಅತ್‌ಬಾಶಿ ಬಸ್ಸು ಎಲ್ಲಿ ಅಂದೆ?" ಎಂದು ಮತ್ತೆ ಕೇಳುತ್ತಿದ್ದರು. ಒಂದು ದಿನ ರೋಸಿಹೋಗಿ ಅವಳು ತಿರುಗಿಸಿ ಕೂಗಿದಳು: ಮೊದಲು ಊರು, ಆಮೇಲೆ ಉಳಿದದ್ದು. ನಿಲ್ದಾಣದ ಯಜಮಾನ ಬೈದ. ಕಿಟಕಿಗೆ ಜನ ಬರುವುದು ಕಡಿಮೆಯಾಯಿತು. ಬೈದವನೂ ಸುಮ್ಮನಾದ. ಕೇಳುವವನಿಗೆ ಬೇಕಾದದ್ದು ಮೊದಲು ಬರಬೇಕು ಎಂಬ ಈ ಒಂದು ಮಾತನ್ನು ಅವಳು ಆಮೇಲೆ ಪಟ್ಟಣಕ್ಕೆ ಬಂದಾಗ ಜೊತೆಗೇ ತಂದಳು. ಸಂಜೆ ತರಗತಿಗಳಿಗೆ ಹೋಗಿ ಡಿಸೈನ್ ಕಲಿತಳು, ಮಿನಿಬಸ್ ಓಡಿಸುವ ಶೆರ್ಗಾಜಿಯನ್ನು ಮದುವೆಯಾದಳು.

ಮದುವೆಯ ದಿನವೇ ಅವಳ ನಾಲಗೆ ಎಡವಿತು. ನಮ್ಮಲ್ಲಿ ಸೊಸೆ ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಬದುಕಿದ್ದವರದ್ದೂ ಇಲ್ಲ, ಸತ್ತವರದ್ದೂ ಇಲ್ಲ. ಈ ಮನೆಗೆ ಬಂದ ಎಡವಟ್ಟೇನೆಂದರೆ, ತತ್ತೂಬೂಬುವಿನ ತೀರಿಕೊಂಡ ಮಾವನ ಹೆಸರು ಬೊಲೊತ್. ಬೊಲೊತ್ ಎಂದರೆ ಉಕ್ಕು. ಬೊಲೊತ್ ಎಂದರೆ ‘ಸರಿ’, ‘ಆಗಲಿ’ ಎಂದೂ ಆಗುತ್ತದೆ. ನೀರು ತಾ ಎಂದರೆ ಬೊಲೊತ್, ನಾಳೆ ಬಾ ಎಂದರೆ ಬೊಲೊತ್. ಇಡೀ ದೇಶದ ಬಾಯಲ್ಲಿ ದಿನವಿಡೀ ಹೊರಳುವ ಮಾತು. ಈ ಮನೆಯ ಸೊಸೆಯರಿಗೆ ಮಾತ್ರ ಅದು ನಿಷಿದ್ಧ. ಅವರು ‘ಮಾಕುಲ್’ ಎನ್ನಬೇಕು, ಒಪ್ಪಿದೆ ಎಂಬ ಅರ್ಥದಲ್ಲಿ.

ಬಿಳಿ ತಲೆವಸ್ತ್ರ ಕಟ್ಟಿಕೊಂಡು ನೆಂಟರಿಗೆ ಚಹಾ ಬಗ್ಗಿಸುತ್ತಿದ್ದ ಹೊಸ ಸೊಸೆಗೆ ಯಾರೋ, "ಇನ್ನೊಂದು ಬಟ್ಟಲು ಹಾಕಮ್ಮಾ" ಎಂದರು. ಅವಳು ಉತ್ಸಾಹದಿಂದ "ಬೊಲೊತ್!" ಎಂದುಬಿಟ್ಟಳು. ಊಟಕ್ಕೆ ನೆಲದ ಮೇಲೆ ಹಾಸಿದ ಬಟ್ಟೆಯ ಸುತ್ತ ಮಾತು ನಿಂತುಹೋಯಿತು. ಗಂಡನ ದೊಡ್ಡಮ್ಮನೊಬ್ಬಳು ಬಾಯಿಗೆ ಕೈ ಇಟ್ಟಳು. ಆಗ ತತ್ತೂಬೂಬು ಗಟ್ಟಿಯಾಗಿ ನಕ್ಕಳು.

"ನೋಡ್ರೋ, ಬಂದ ದಿನವೇ ಮಾವಯ್ಯನ್ನ ಚಹಾಕ್ಕೆ ಕರೀತಿದಾಳೆ! ಅವರಿಗೂ ಒಂದು ಬಟ್ಟಲು ಇಡು ಮಗಳೇ. ತಣ್ಣಗಾದ್ರೆ ನಿನ್ನೇ ಬೈತಾರೆ."

ಎಲ್ಲರೂ ನಕ್ಕರು, ದೊಡ್ಡಮ್ಮನೂ ನಕ್ಕಳು. ಆಮೇಲೆ ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಅತ್ತೆ ದನಿ ತಗ್ಗಿಸಿ ಹೇಳಿದಳು.

"ನಾನೂ ಹೊಸದ್ರಲ್ಲಿ ಹೀಗೇ ಬಾಯಿ ಜಾರಿದ್ದೆ. ನನ್ನತ್ತೆ ನಾಲಗೆ ಮೇಲೆ ಮೆಣಸಿನ ಪುಡಿ ಇಟ್ಲು. ನಾನು ಇಡಲ್ಲ ಬಿಡು. ಆದ್ರೆ ಹೇಳ್ಬೇಡ ಕಣೇ. ನಾನು ಇಷ್ಟು ವರ್ಷ ನುಂಗಿಕೊಂಡು ಬಂದಿದೀನಿ."

ಕುಂದುಜ್ ಮತ್ತೆ ಆ ಮನೆಯಲ್ಲಿ ಆ ಮಾತು ಆಡಲಿಲ್ಲ. ಆಫೀಸಿನಲ್ಲಿ ಅದು ಬಾಯಿಗೆ ಬರುತ್ತಿದ್ದದ್ದು ದಿನಕ್ಕೆಷ್ಟು ಸಲವೋ. ಸಂಜೆ ಬಾಗಿಲಲ್ಲಿ ಬೂಟು ಬಿಚ್ಚುವಾಗ ಆ ಪದವನ್ನೂ ಜೊತೆಗೇ ಬಿಚ್ಚಿಟ್ಟು ಒಳಗೆ ಬರುತ್ತಿದ್ದಳು. ಅದರಲ್ಲಿ ಅವಳಿಗೆ ಕಷ್ಟವೇನೂ ಕಾಣಲಿಲ್ಲ. ಅತ್ತೆ ಮೇಲಿನ ಪ್ರೀತಿಗೆ ಅಷ್ಟು ಮಾಡುವುದು ಹೆಚ್ಚಲ್ಲ ಎಂದುಕೊಂಡಿದ್ದಳು.

ತತ್ತೂಬೂಬುವಿಗೆ ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ ಬಂತು. ಎಡಗಣ್ಣು ಹೋದದ್ದೇ ಗೊತ್ತಾಗಲಿಲ್ಲ. ಒಂದು ದಿನ ಬಲಗಣ್ಣಿಗೆ ಸೋಪು ಬಿದ್ದು ಮುಚ್ಚಿಕೊಂಡಾಗ ಕತ್ತಲಾಯಿತು, ಆಗ ತಿಳಿಯಿತು. ಬಲಗಣ್ಣಿನಲ್ಲಿ ಎದುರಿಗಿರುವುದು ಮಾತ್ರ ಮಸುಕಾಗಿ ಕಾಣುತ್ತಿತ್ತು. ಆಪರೇಷನ್ ಮಾಡಿದರೆ ಇದ್ದಷ್ಟನ್ನು ಉಳಿಸಬಹುದು, ಹೋದದ್ದು ಬರುವುದಿಲ್ಲ, ತಡ ಮಾಡಬೇಡಿ ಎಂದು ವೈದ್ಯೆ ಹೇಳಿದಳು. ತಡ ಮಾಡುವುದು ಬಿಡುವುದು ಇವರ ಕೈಯಲ್ಲಿತ್ತೇ? ಕಣ್ಣಾಸ್ಪತ್ರೆಯ ಸರದಿ ಉದ್ದವಿತ್ತು. ಸರದಿ ಬಂದಾಗ ಫೋನಿಗೆ ಸುದ್ದಿ ಬರುತ್ತದೆ, ಆ್ಯಪ್ ತೆರೆದು ಖಾಲಿ ಇರುವ ದಿನಗಳ ಪಟ್ಟಿಯಲ್ಲಿ ಒಂದನ್ನು ಆರಿಸಿ ಒಪ್ಪಬೇಕು, ಸಂಜೆಯೊಳಗೆ ಒಪ್ಪದಿದ್ದರೆ ಸರದಿ ಮುಂದಿನವರಿಗೆ ಹೋಗುತ್ತದೆ. ಆ ಆ್ಯಪ್ ಕುಂದುಜ್‌ಳ ಆಫೀಸಿನದೇ. ಪಟ್ಟಿ ಅವಳದೇ.

ಸಂಜೆ ಚಹಾದ ಹೊತ್ತಿಗೆ ಅವಳು ಅತ್ತೆಯ ಕೈಗೆ ಫೋನು ಕೊಟ್ಟು ಪಟ್ಟಿಗಳನ್ನು ಪರೀಕ್ಷೆ ಮಾಡಿಸುತ್ತಿದ್ದಳು. ಪರದೆ ಮುಟ್ಟಿದರೆ ಒಳಗಿನಿಂದ ಒಬ್ಬ ಹೆಂಗಸು ಓದಿ ಹೇಳುತ್ತಾಳೆ. ಆದರೆ ಆ ಹೆಂಗಸು ರಷ್ಯದವಳು. ನಮ್ಮ ಭಾಷೆಗಷ್ಟೇ ಇರುವ ಅಕ್ಷರ ಬಂದರೆ ನುಂಗಿಬಿಡುತ್ತಾಳೆ. ಕಣ್ಣಿಗೆ ನಮ್ಮಲ್ಲಿ ‘ಕೊಜ್’ ಎನ್ನುತ್ತಾರೆ. ಅವಳ ಬಾಯಲ್ಲಿ ಅದು ಬರೀ ‘ಕ್ಜ್’.

"ಕಣ್ಣಿನ ಡಾಕ್ಟ್ರು ಅನ್ನೋಕೆ ಇವಳಿಗೆ ಕಣ್ಣೇ ಇಲ್ಲವಲ್ಲೇ! ಇವಳ ಹೆಸರೂ ಸರದಿಗೆ ಹಚ್ಚು ಪಾಪ" ಎಂದು ತತ್ತೂಬೂಬು ಹೊಟ್ಟೆ ಹಿಡಿದು ನಗುತ್ತಿದ್ದಳು.

ಹಳೆಯ ಪಟ್ಟಿಯಲ್ಲಿ ಸಾಲುಗಳಿಗೆ ಹೆಸರೇ ಇರಲಿಲ್ಲ. ಮುಟ್ಟಿದಲ್ಲೆಲ್ಲ ‘ಬಟನ್, ಬಟನ್, ಬಟನ್’.

"ಇದೇನೇ ಇದು, ದರ್ಜಿ ಅಂಗಡಿಗೆ ಬಂದ್ನಾ? ಯಾವ ಬಟನ್ನು, ಯಾರ ಅಂಗಿದು?"

ಕುಂದುಜ್ ಪ್ರತಿ ಸಾಲಿಗೂ ಹೆಸರಿಟ್ಟಳು. ದಿನ ಮೊದಲು, ಹೊತ್ತು ಆಮೇಲೆ, ವೈದ್ಯರು ಆಮೇಲೆ. ಒಟ್ಟು ಎಷ್ಟು ಸಾಲು, ಇದು ಎಷ್ಟನೆಯದು ಎಂದು ಕೊನೆಯಲ್ಲಿ. ಬೆರಳು ಒಂದು ಸಾಲಿನ ಮೇಲಿರುವಾಗ ಪಟ್ಟಿ ಅಲುಗಾಡದಂತೆ ಮಾಡಿದಳು. ಮೊದಲು ಯಾರಾದರೂ ಒಂದು ದಿನವನ್ನು ಹಿಡಿದರೆ ಉಳಿದ ಸಾಲುಗಳು ಮೇಲೆ ಸರಿದು, ಮುದುಕಿ ತಟ್ಟಿದ್ದು ಮಂಗಳವಾರವನ್ನು, ಬಿದ್ದದ್ದು ಶುಕ್ರವಾರದ ಮೇಲೆ ಎಂದಾಗುತ್ತಿತ್ತು. ಪಕ್ಕಕ್ಕೆ ಎಳೆದರೆ ಮಾತ್ರ ಹೊರಬರುವ ಗುಟ್ಟಿನ ಬಟನ್ನುಗಳನ್ನು ತೆಗೆದುಹಾಕಿದಳು. ಒಂದು ಸಂಜೆ ತತ್ತೂಬೂಬು ಯಾರ ಸಹಾಯವೂ ಇಲ್ಲದೆ ಪಟ್ಟಿಯ ತುದಿಯಿಂದ ತುದಿಗೆ ಹೋಗಿ, ಬೇಕಾದ ಸಾಲಿಗೆ ಬಂದು, ಎರಡು ಸಲ ತಟ್ಟಿ ಒಪ್ಪಿಬಿಟ್ಟಳು. ಅದು ಬರೀ ಪರೀಕ್ಷೆಯ ಪಟ್ಟಿ, ನಿಜವಾದ ಸರದಿಯಲ್ಲ. ಆದರೂ ಮುದುಕಿ ಎದ್ದು ಪಕ್ಕದ ಮನೆಯವರನ್ನು ಕೂಗಿ ಕರೆದು ಮತ್ತೊಮ್ಮೆ ಮಾಡಿ ತೋರಿಸಿದಳು.

"ಮಗನಿಗೆ ಹೇಳಿದ್ರೆ ‘ಇರು, ಬಂದೆ’ ಅಂತಾನೆ, ಬರಲ್ಲ. ಇನ್ನು ಅವನ ಹಂಗಿಲ್ಲ ನನಗೆ. ಸೊಸೆ ದಾರಿ ಮಾಡಿಕೊಟ್ಟಿದಾಳೆ."

ಆಫೀಸಿನ ಯಜಮಾನ ಮಿರ್ಲಾನ್. ವಯಸ್ಸಿನಲ್ಲಿ ಚಿಕ್ಕವನಾದ್ದರಿಂದ ಕುಂದುಜ್‌ಳನ್ನು ಅಕ್ಕ ಎನ್ನುವ ಹಾಗೆ ‘ಎಜೆ’ ಎಂದೇ ಕರೆಯುತ್ತಿದ್ದ. ಒಳ್ಳೆಯ ಮಾತುಗಾರ, ಕೆಟ್ಟವನೆಂದು ಯಾರೂ ಹೇಳರು. ಅವನಿಗೆ ಪಟ್ಟಿ ಎಂದರೆ ಅಂದ. ಅವಳ ಪಟ್ಟಿ ನೋಡಿದರೆ ಅವನ ಮುಖ ಹುಳ್ಳಗಾಗುತ್ತಿತ್ತು.

"ಎಜೆ, ತಪ್ಪು ತಿಳ್ಕೋಬೇಡಿ, ಇದನ್ನ ನೋಡಿದ್ರೆ ಸೋವಿಯತ್ ಕಾಲದ ಅಂಗಡಿ ನೆನಪಾಗುತ್ತೆ. ಸಾಲಾಗಿ ಡಬ್ಬಿ, ಡಬ್ಬಿ ಮೇಲೆ ಚೀಟಿ."

"ಡಬ್ಬಿ ಮೇಲೆ ಚೀಟಿ ಇದ್ರೆ ಒಳಗೇನಿದೆ ಅಂತ ಗೊತ್ತಾಗುತ್ತಲ್ಲ" ಎನ್ನುತ್ತಿದ್ದಳು ಇವಳು.

ಅವಳು ಗೆದ್ದ ಜಗಳ ಒಂದೇ. ನಮ್ಮ ಭಾಷೆಗಷ್ಟೇ ಇರುವ ಅಕ್ಷರಗಳನ್ನು ಯಂತ್ರ ಅಕ್ಷರಮಾಲೆಯ ತಳಕ್ಕೆ ತಳ್ಳುತ್ತಿತ್ತು. ಆ ಅಕ್ಷರದಿಂದ ಹೆಸರು ಶುರುವಾಗುವ ಬಡಪಾಯಿಗಳೆಲ್ಲ ಪಟ್ಟಿಯ ಬಾಲದಲ್ಲಿ. ಮಿರ್ಲಾನ್‌ನ ಸ್ವಂತ ತಾತನ ಹೆಸರು ಹಾಗೆ ಬಾಲಕ್ಕೆ ಹೋದದ್ದನ್ನು ತೋರಿಸಿದ ಮೇಲೆ ಅದನ್ನು ಸರಿಮಾಡಲು ಒಪ್ಪಿದ. ತಮ್ಮ ಮನೆಯವರಿಗೆ ಚುಚ್ಚಿದಾಗಷ್ಟೇ ಮುಳ್ಳು ಕಾಣುವುದು ದೊಡ್ಡವರ ಲಕ್ಷಣ.

ಆ ಚಳಿಗಾಲದ ಮೊದಲಲ್ಲಿ ವಿದೇಶದಿಂದ ದಾನಿಗಳು ಬರುತ್ತಾರೆಂಬ ಸುದ್ದಿ ಬಂತು. ಅಂಗವಿಕಲರಿಗೆ ಅನುಕೂಲವಾಗುವಂಥ ಏನಾದರೂ ತೋರಿಸಬೇಕು. ಕುಂದುಜ್ ತನ್ನ ಪಟ್ಟಿ ಹಿಡಿದುಕೊಂಡು ಹೋದಳು. ಮಿರ್ಲಾನ್ ನೋಡಿದ, ನಿಟ್ಟುಸಿರುಬಿಟ್ಟ.

"ಎಜೆ, ಇದರಲ್ಲಿ ತೋರ್ಸೋಕೆ ಏನಿದೆ? ಕಣ್ಣಿದ್ದೋರಿಗೆ ಇದು ಬರೀ ಪಟ್ಟಿ. ಅವರು ನೋಡಿ ಆಹಾ ಅನ್ಬೇಕು. ಕುರುಡರಿಗೆ ಪಟ್ಟಿ ಯಾಕೆ, ಮಾತು ಕೊಡೋಣ! ಆ್ಯಪೇ ಒಂದೊಂದು ಸಾಲನ್ನ ಓದುತ್ತೆ. ಬೇಕು ಅಂದ್ರೆ ಒಂದು ಮಾತು, ಬೇಡ ಅಂದ್ರೆ ಒಂದು ಮಾತು. ಮುಗೀತು."

"ಅದೂ ಇರ್ಲಿ. ಆದ್ರೆ ಬೆರಳಲ್ಲಿ ಹುಡುಕೋ ಪಟ್ಟೀನ ತೆಗೀಬೇಡಿ. ಎಲ್ಲರೂ ಯಂತ್ರದ ಜೊತೆ ಮಾತಾಡಲ್ಲ."

"ತೆಗಿಯಲ್ಲ ಬಿಡಿ ಎಜೆ. ಎರಡೂ ಇರುತ್ತೆ."

ಯಾವ ಮಾತು ಎಂದು ಗೊತ್ತುಮಾಡಲು ಎಲ್ಲರೂ ಮೇಜಿನ ಸುತ್ತ ಕೂತರು. ಯಂತ್ರದ ಕಿವಿಯನ್ನು ನೋಡಿಕೊಳ್ಳುವ ಹುಡುಗಿ ಜಿಬೆಕ್. ಚುರುಕಾದವಳು, ಪಟ್ಟಣದಲ್ಲೇ ಹುಟ್ಟಿ ಬೆಳೆದವಳು. ಶುರುವಿಗೆ ಮುಂಚೆ ಅವಳು ಊರಿನ ಅತ್ತಿಗೆಯ ಕತೆ ಹೇಳುತ್ತಿದ್ದಳು.

"ಅವಳ ಭಾವನ ಹೆಸರು ತೆಮಿರ್. ಅದಕ್ಕೇ ಕಬ್ಬಿಣ ಅನ್ನೋ ಹಾಗಿಲ್ಲ, ರೈಲಿಗೆ ಕಬ್ಬಿಣದ ದಾರಿ ಅನ್ನೋ ಹಾಗಿಲ್ಲ. ಹೋದ ವಾರ ಇಲ್ಲಿಗೆ ಬಂದವಳು ಸ್ಟೇಷನ್ ಕಿಟಕೀಲಿ ನಿಂತು, ‘ಗಟ್ಟಿ ದಾರಿ ಮೇಲೆ ಹೋಗೋ ಗಾಡಿ ಎಷ್ಟೊತ್ತಿಗೆ?’ ಅಂತ ಕೇಳ್ತಾಳೆ! ಕಿಟಕಿಯವಳು ‘ಯಾವ ಗಟ್ಟಿ ದಾರಿ ತಾಯಿ, ಬಸ್ ನಿಲ್ದಾಣಕ್ಕೆ ಹೋಗಿ’ ಅಂತ ಓಡಿಸಿದ್ಲು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕುಂದುಜ್ ಉಳಿದವರಿಗಿಂತ ಜೋರಾಗಿ ನಕ್ಕಳು, ತನ್ನ ಮನೆಯ ಕತೆ ತನ್ನ ಮುಖದಲ್ಲಿ ಕಾಣದಿರಲಿ ಎಂದು.

ನಗು ಇಳಿದ ಮೇಲೆ ಜಿಬೆಕ್ ಹೇಳಿದಳು. ಯಂತ್ರಕ್ಕೆ ಕಲಿಸಿದ್ದು ಪಟ್ಟಣದ ಹುಡುಗರ ಮಾತಿನಿಂದ. ಬೊಲೊತ್ ಎಂದರೆ ಅದು ತಪ್ಪದೆ ಹಿಡಿಯುತ್ತದೆ. ಮಾಕುಲ್ ಎಂದರೆ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಅದನ್ನು ಸೇರಿಸಲು ಸ್ವಲ್ಪ ಕಲಿಸಬೇಕು.

"ಹಾಗಾದ್ರೆ ಬೊಲೊತ್ ಸಾಕು. ಎಲ್ಲರ ಬಾಯಲ್ಲೂ ಇರೋ ಮಾತು" ಎಂದ ಮಿರ್ಲಾನ್.

ಕುಂದುಜ್ ಕೂಡಲೇ, "ಇನ್ನೊಂದು ಪದವೂ ಇರ್ಲಿ" ಎಂದಳು.

"ಯಾಕೆ ಎಜೆ?"

ಮೇಜಿನ ಸುತ್ತ ಎಲ್ಲರೂ ಅವಳ ಕಡೆ ತಿರುಗಿದರು. ಜಿಬೆಕ್‌ಳ ಬಾಯಂಚಿನಲ್ಲಿ ಆಗಿನ ನಗು ಇನ್ನೂ ಆರಿರಲಿಲ್ಲ. ನಮ್ಮನೆಯಲ್ಲಿ ಅದು ಸತ್ತ ತಾತನ ಹೆಸರು, ನಮ್ಮತ್ತೆ ಸಾಯುವವರೆಗೂ ಹೇಳುವುದಿಲ್ಲ, ಬೊಲೊತ್ ಎಂಬ ಹೆಸರು ಈ ದೇಶದ ಪ್ರತಿ ಬೀದಿಯಲ್ಲೂ ಇದೆ, ಇಂಥ ಅತ್ತೆಯರು ಪ್ರತಿ ಊರಲ್ಲೂ ಇದ್ದಾರೆ ಎಂದು ಹೇಳಬೇಕಾದ ಗಳಿಗೆ ಅದೇ. 

"ಸುಮ್ನೆ" ಎಂದಳು ಕುಂದುಜ್.

"ಸುಮ್ನೆ ಆದ್ರೆ ಮುಂದಿನ ಸಲ ನೋಡೋಣ."

ಅಷ್ಟೇ. ಹಳ್ಳಿಯವಳೆಂದು ನಕ್ಕಾರೆಂಬ ಒಂದು ನಾಚಿಕೆ. ಮನುಷ್ಯರು ದೊಡ್ಡ ದೊಡ್ಡ ಕಾರಣಗಳಿಗೆ ತಮ್ಮವರಿಗೆ ಕೈ ಕೊಡುತ್ತಾರೆಂದು ನಾವು ತಿಳಿದಿರುತ್ತೇವೆ. ಬಹಳ ಸಲ ಇಷ್ಟು ಪುಟ್ಟ ಕಾರಣ ಸಾಕಾಗುತ್ತದೆ.

ಮನೆಯಲ್ಲಾದರೂ ಹೇಳಬಹುದಿತ್ತು. ಆದರೆ ಹೇಳುವುದು ಹೇಗೆ? ಆ ಪದವನ್ನು ಅತ್ತೆಯ ಎದುರಿಗೆ ತೆಗೆಯಬೇಕು, ಇಲ್ಲವೇ ಅಮ್ಮ ಎನ್ನುವ ಹಾಗೆ ‘ಅಪಾ’ ಎಂದು ಕರೆದು ಸುತ್ತಿ ಬಳಸಿ, ‘ಆ ಹಿರಿಯರ ಹೆಸರನ್ನೇ ಆಫೀಸಿನವರು ಹೇಳಿಸ್ತಾರೆ, ನಾನು ಎದುರಿಗೇ ಕೂತಿದ್ದೆ, ಬೇಡ ಅನ್ನಲಿಲ್ಲ’ ಎನ್ನಬೇಕು. ಬೆರಳಿನ ಪಟ್ಟಿ ಹೇಗೂ ಇರುತ್ತದೆ, ಅತ್ತೆಗೆ ಅದು ಕೈಬಂದಿದೆ. ಸುದ್ದಿ ಬಂದ ದಿನ ನಾನೇ ಪಕ್ಕದಲ್ಲಿ ಕೂತರಾಯಿತು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ದಾನಿಗಳು ಬಂದ ದಿನ ಆಫೀಸಿನಲ್ಲಿ ಎಲ್ಲರ ಫೋನೂ ಆರಿಸಿಡಬೇಕೆಂದು ಅಪ್ಪಣೆಯಾಯಿತು. ಮಿರ್ಲಾನ್ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಎಲ್ಲರ ನಡುವೆ ನಿಂತ. ಆ್ಯಪ್ ಒಂದೊಂದು ಸಾಲನ್ನೂ ಇಂಪಾಗಿ ಓದಿತು. ಬೇಕಾದ ಸಾಲು ಬಂದಾಗ ಅವನು ದೇವರಿಗೆ ಹರಕೆ ಹೊತ್ತವನಂತೆ ಕೈ ಎತ್ತಿ, "ಬೊಲೊತ್!" ಎಂದ. ‘ನಿಮ್ಮ ಸರದಿ ಖಚಿತವಾಗಿದೆ’ ಎಂದಿತು ಯಂತ್ರ. ಒಬ್ಬ ವಿದೇಶಿ ಹೆಂಗಸು ಕಣ್ಣೊರೆಸಿಕೊಂಡಳು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ನಿಂತ ಕುಂದುಜ್ ಕೂಡ ಚಪ್ಪಾಳೆ ತಟ್ಟಿದಳು. ನೋಡಲು ಎರಡೆರಡು ದಾರಿ ಇದ್ದರೆ ಗೋಜಲಾಗುತ್ತದೆಂದು ಹಿಂದಿನ ದಿನವೇ ಅವನು ಬೆರಳಿನ ಪಟ್ಟಿಯನ್ನು ತೆಗೆಸಿ ಹೊಸ ಆ್ಯಪನ್ನು ಎಲ್ಲರ ಫೋನಿಗೂ ಬಿಟ್ಟಿದ್ದ ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ.

ಸಂಜೆ ಮನೆಗೆ ಬಂದಾಗ ತತ್ತೂಬೂಬು ಕಿಟಕಿಯ ಬಳಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಬಂತು ಮಗಳೇ! ಆಸ್ಪತ್ರೆಯಿಂದ ಬಂತು! ಆದ್ರೆ ನಿನ್ನ ಪಟ್ಟಿ ಇವತ್ತು ಬೇರೆ ಥರ ಇತ್ತಪ್ಪ. ಬೆರಳಿಗೆ ಏನೂ ಸಿಗಲಿಲ್ಲ. ಅದೇ ಓದ್ತು, ಅದೇ ಕೇಳ್ತು, ಅದೇ ಮುಗೀತು ಅಂತು. ಉಳಿದಿದ್ದು ನೀನು ನೋಡ್ಬಿಡು."

ಕುಂದುಜ್ ಬೂಟನ್ನೂ ಬಿಚ್ಚದೆ ಫೋನು ತೆಗೆದುಕೊಂಡಳು. ‘ನೀವು ಯಾವ ದಿನವನ್ನೂ ಒಪ್ಪಿಲ್ಲ. ನಿಮ್ಮ ಸರದಿ ಮುಂದಿನವರಿಗೆ ಹೋಗಿದೆ.’ ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಅತ್ತೆ ಕೇಳುತ್ತಲೇ ಇದ್ದಳು, "ಎಂಥ ದಿನ ಕೊಟ್ರು ಮಗಳೇ? ಏನಂತ ಇದೆ?" ಎಂದು.

ಮರುದಿನ ಅವಳು ಆಸ್ಪತ್ರೆಗೆ ಓಡಿದಳು. ಕಿಟಕಿಯ ಹಿಂದಿನ ಹೆಂಗಸು ತಲೆ ಎತ್ತದೆ, "ಒಪ್ಪಲಿಲ್ಲ ಅಂತ ಇದೆ. ಒಪ್ಪದೋರಿಗೆ ಇನ್ನು ಚಳಿ ಕಳೆದ ಮೇಲೆ" ಎಂದಳು. ಕುಂದುಜ್ ಬೇಡಿದಳು, ಅತ್ತಳು, ಕೂಗಾಡಿದಳು. ಹಿಂದೆ ನಿಂತವರು, "ನಮ್ಮನೇಲೂ ಕಣ್ಣಿಲ್ಲದೋರಿದಾರೆ, ಪಕ್ಕಕ್ಕೆ ಸರೀರಿ" ಎಂದರು. ಅವರದೂ ತಪ್ಪಲ್ಲ.

ಅಲ್ಲಿಂದ ಮಿರ್ಲಾನ್ ಹತ್ತಿರ ಹೋದಳು. ಒಂದು ಹೆಸರನ್ನು ಮತ್ತೆ ಸರದಿಗೆ ಸೇರಿಸಿಕೊಡು ಎಂದು ಕೇಳಿದಳು. ಅವನಿಗೆ ನಿಜವಾಗಿಯೂ ಸಂಕಟವಾಯಿತು.

"ಎಜೆ, ಆಸ್ಪತ್ರೆ ಸರದಿ ನಮ್ಮ ಕೈಲಿಲ್ಲ. ಇದ್ರೂ, ನಮ್ಮವರಿಗೊಂದು ಮಾಡಿದ್ರೆ ನಾಳೆ ಏನಾಗುತ್ತೆ? ಬೆರಳಿನ ಪಟ್ಟಿ ತೆಗೆದಿದ್ದು ನಂದೇ ತಪ್ಪು, ಒಪ್ತೀನಿ. ಆದ್ರೆ ಆ ಪದದ ವಿಷಯ... ನಾನು ಯಾಕೆ ಅಂತ ಕೇಳಿದ್ನಲ್ಲ? ನೀವು ಸುಮ್ನೆ ಅಂದ್ರಿ."

 ಅವನು ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು.

ಯಂತ್ರಕ್ಕೆ ಅರ್ಥವಾಗದೆ ಹೋದ ಮಾತುಗಳು ಆಫೀಸಿನಲ್ಲಿ ಒಂದೆಡೆ ಕೂಡಿಬೀಳುತ್ತಿದ್ದವು, ಮುಂದೆ ಅದಕ್ಕೆ ಕಲಿಸಲು. ಆ ವಾರದ ಕೊನೆಯಲ್ಲಿ ಜಿಬೆಕ್ ಅದನ್ನು ಕೇಳುತ್ತ ಕೂತಿದ್ದವಳು ನಡುವೆಯೇ ನಿಲ್ಲಿಸಿ ಕಿಸಕ್ಕೆಂದು ನಕ್ಕಳು.

"ಎಜೆ, ಬನ್ನಿ ಇಲ್ಲಿ. ಯಾವುದೋ ಅಜ್ಜಿ ಯಂತ್ರದ ಜೊತೆ ಸಂಸಾರದ ಮಾತಾಡಿದೆ."

ಕುಂದುಜ್ ಅವಳ ಹೆಡ್‌ಫೋನನ್ನು ಕಿವಿಗೆ ಇಟ್ಟುಕೊಂಡಳು. ಯಂತ್ರ ಇಂಪಾಗಿ ಹೇಳುತ್ತಿತ್ತು: ಒಪ್ಪಿಗೆ ಇದ್ದರೆ ‘ಬೊಲೊತ್’ ಎನ್ನಿ. ಆಮೇಲೆ ಪರಿಚಯದ ದನಿ, ಅಪರಿಚಿತರ ಮನೆಗೆ ಹೋದಾಗಿನ ಮರ್ಯಾದೆಯ ದನಿ.

"ಮಾಕುಲ್, ಮಗಳೇ." ಸ್ವಲ್ಪ ತಡೆದು, "ಮಾಕುಲ್ ಅಂದೆ, ಕೇಳಿಸ್ತಾ? ಒಪ್ಪಿದೀನಿ ಕಣಮ್ಮ, ಮಂಗಳವಾರ ಒಪ್ಪಿದೀನಿ." ಯಂತ್ರ ಮುಂದಿನ ಸಾಲಿಗೆ ಹೋಯಿತು. "ಇದೂ ಒಪ್ಪಿದೀನಿ. ಯಾವುದಾದ್ರೂ ಆಗುತ್ತೆ. ಅಯ್ಯೋ, ಅದನ್ನ ನಾನು ಹೇಳೋ ಹಾಗಿಲ್ಲ ತಾಯಿ, ಅದು ನಮ್ಮ ಹಿರಿಯರ ಹೆಸರು. ನಿಮ್ಮ ಆಫೀಸಲ್ಲಿ ಕುಂದುಜ್ ಅಂತ ಇದಾಳೆ, ಅವಳನ್ನ ಕೇಳು. ಅವಳಿಗೆ ಎಲ್ಲಾ ಗೊತ್ತು."

ಕುಂದುಜ್ ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟಳು.

"ನಮ್ಮತ್ತೆ" ಎಂದಳು.

 ಅಂದೇ ಮಧ್ಯಾಹ್ನ ಜಿಬೆಕ್ ‘ಮಾಕುಲ್’ ಪದವನ್ನು ಸೇರಿಸಿದಳು. ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತು ಹಿಡಿಯಿತು. ಮರುವಾರ ಬೆರಳಿನ ಪಟ್ಟಿಯೂ ಮರಳಿ ಬಂತು. ದಾನಿಗಳಿಗೆ ಕಳಿಸಿದ ವರದಿಯಲ್ಲಿ, ‘ಬಳಕೆದಾರರ ಮಾತಿಗೆ ಕಿವಿಗೊಟ್ಟು ಮಾಡಿದ ಸುಧಾರಣೆ’ ಎಂದು ಬರೆದರು. 

ಚಳಿ ಕಳೆಯುವವರೆಗೆ ಕಣ್ಣು ಕಾಯಲಿಲ್ಲ. ಮೊದಲು ಬಟ್ಟಲಿನ ಅಂಚು ಹೋಯಿತು, ಆಮೇಲೆ ಕಿಟಕಿ, ಆಮೇಲೆ ಮಗನ ಮುಖ. ಹಿಮ ಕರಗುವ ಹೊತ್ತಿಗೆ ಮತ್ತೆ ಸರದಿ ಬಂತು. ಈ ಸಲ ಕುಂದುಜ್ ರಜೆ ಹಾಕಿ ಪಕ್ಕದಲ್ಲೇ ಕೂತಿದ್ದಳು, ಕರೆದುಕೊಂಡು ಹೋದಳು. ವೈದ್ಯೆ ದೀಪ ಹಿಡಿದು ನೋಡಿ, ದೀಪ ಆರಿಸಿ, ಇನ್ನು ಕತ್ತರಿಸಿ ಉಳಿಸುವುದಕ್ಕೆ ಏನೂ ಇಲ್ಲ ಎಂದಳು. ಶೆರ್ಗಾಜಿ ಆ ದಿನದಿಂದ ಹೆಂಡತಿಯ ಜೊತೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದ. ಅವಳು ಕೆಲಸ ಬಿಡಲಿಲ್ಲ. ಮಿನಿಬಸ್ಸೊಂದರಿಂದ ಮನೆ ನಡೆಯುತ್ತಿರಲಿಲ್ಲ. ಬೆಳಿಗ್ಗೆ ಹೋಗುತ್ತಿದ್ದಳು, ಸಾಲುಗಳಿಗೆ ಹೆಸರಿಡುತ್ತಿದ್ದಳು, ಸಂಜೆ ಬರುತ್ತಿದ್ದಳು.

ವಸಂತದ ಒಂದು ಭಾನುವಾರ ಇಬ್ಬರೂ ಅಂಗಳದಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದರು. ಮುದುಕಿಯ ಬೆರಳಿಗೆ ಕಣ್ಣು ಬೇಕಿಲ್ಲದ ಕೆಲಸ ಅದೊಂದು ಉಳಿದಿತ್ತು. ಎಷ್ಟೋ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕುಂದುಜ್ ಕೇಳಿಯೇಬಿಟ್ಟಳು.

"ಅಪಾ, ಅವತ್ತು ಒಂದು ಸಲ ಹೇಳ್ಬಿಡಬಾರದಿತ್ತಾ? ಮನೇಲಿ ಯಾರೂ ಇರ್ಲಿಲ್ಲ. ಯಾರಿಗೂ ಕೇಳಿಸ್ತಿರ್ಲಿಲ್ಲ."

ತತ್ತೂಬೂಬು ಉಣ್ಣೆಯಿಂದ ಒಂದು ಮುಳ್ಳು ಆರಿಸಿ ಎಸೆದಳು.

"ಹೇಳ್ತಿದ್ದೆ ಕಣೇ. ಸತ್ತೋರ ಹೆಸರು ನನ್ನ ಕಣ್ಣಿಗಿಂತ ದೊಡ್ಡದಾ? ನಾಲಗೆ ತುದಿವರೆಗೂ ಬಂದಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ಅಪಾ?"

"ಇದು ನನ್ನ ಸೊಸೆ ಮಾಡಿದ ಪಟ್ಟಿ ಅಂದ್ಕೊಂಡೆ. ನನ್ನ ಬಾಯಲ್ಲಿ ಆ ಮಾತು ಬರಲ್ಲ ಅಂತ ಅವಳಿಗೆ ಗೊತ್ತು. ನನಗೆ ಅಂತ ಇನ್ನೊಂದು ದಾರಿ ಇಟ್ಟೇ ಇರ್ತಾಳೆ, ಕೊನೇ ಸಾಲಲ್ಲಾದ್ರೂ ಬರುತ್ತೆ, ಅವಸರ ಮಾಡಬಾರದು ಅಂತ ಕಾಯ್ತಾ ಕೂತೆ ಮಗಳೇ."